ತಾಉಲ್‌ನ ಸಂತ ಕ್ಲಿಮೆಂಟ್ ಚರ್ಚು: ಚಿತ್ರ ನಗರದಲ್ಲಿ, ಗೋಡೆ ಹಳ್ಳಿಯಲ್ಲಿ

ಪ್ರಶ್ನೆ: ಬಾರ್ಸಿಲೋನಾದ ಕ್ಯಾಟಲೋನಿಯಾ ರಾಷ್ಟ್ರೀಯ ಕಲಾ ಸಂಗ್ರಹಾಲಯದಲ್ಲಿ, ತಾಉಲ್ ಎಂಬ ಹಳ್ಳಿಯ ಚರ್ಚಿನಿಂದ ತಂದ ಕ್ರಿಸ್ತನ ದೊಡ್ಡ ಭಿತ್ತಿಚಿತ್ರವನ್ನು ನೋಡಿದೆವು. ಆಮೇಲೆ ಪಿರೆನೀಸ್ ಪರ್ವತದಲ್ಲಿರುವ ಆ ಹಳ್ಳಿಗೂ ಹೋದೆವು. ಅಲ್ಲಿ ಚರ್ಚಿನ ಗೋಡೆಯ ಮೇಲೆ ಅಲ್ಲಲ್ಲಿ ಬಣ್ಣದ ತುಣುಕುಗಳಷ್ಟೇ ಇದ್ದವು. ಸ್ವಲ್ಪ ಹೊತ್ತಿನ ಬಳಿಕ ಒಳಗೆ ಕತ್ತಲು ಮಾಡಿ, ಬೆಳಕಿನಿಂದ ಇಡೀ ಚಿತ್ರವನ್ನು ಗೋಡೆಯ ಮೇಲೆ ಮೂಡಿಸಿ ತೋರಿಸಿದರು. ಗೋಡೆಯ ಮೇಲಿನ ಚಿತ್ರವನ್ನು ಕಿತ್ತು ಒಯ್ಯುವುದು ಹೇಗೆ ಸಾಧ್ಯ? ಹಾಗೆ ಒಯ್ದದ್ದು ಸರಿಯೇ? ಚರ್ಚನ್ನು ಇಷ್ಟು ಚೆನ್ನಾಗಿ ಜೀರ್ಣೋದ್ಧಾರ ಮಾಡಿದವರು ಚಿತ್ರವನ್ನು ಮಾತ್ರ ಏಕೆ ಮರಳಿ ತಂದಿಲ್ಲ?

ಉತ್ತರ: ನಿಮ್ಮ ಮೊದಲನೆಯ ಪ್ರಶ್ನೆಗೆ ಸುಣ್ಣ ಮತ್ತು ಅಂಟಿನ ಗುಣಗಳಲ್ಲಿ ಉತ್ತರವಿದೆ, ಎರಡನೆಯದಕ್ಕೆ 1919ರ ಆಸುಪಾಸಿನ ಘಟನೆಗಳನ್ನು ನೋಡಬೇಕು, ಮೂರನೆಯದು ಇಂದಿಗೂ ವಿದ್ವಾಂಸರಲ್ಲಿ ಚರ್ಚೆಯಲ್ಲಿರುವ ಸಂಗತಿ. ನನ್ನ ಅಭಿಪ್ರಾಯವನ್ನು ಮೊದಲೇ ತಿಳಿಸುತ್ತೇನೆ. ಚಿತ್ರವನ್ನು ಗೋಡೆಯಿಂದ ಬಿಡಿಸಿದ್ದು ಆ ಹೊತ್ತಿಗೆ ಇದ್ದ ಪರಿಸ್ಥಿತಿಯಲ್ಲಿ ಸಮರ್ಥನೀಯ ಕ್ರಮ. ಆದರೆ ಅದರಿಂದ ಚರ್ಚಿಗೆ ಆದ ನಷ್ಟ ನಿಜವಾದ ನಷ್ಟ. ಆ ನಷ್ಟವನ್ನು ಮರೆಮಾಚದೆ, ಉಳಿದಿರುವುದನ್ನು ಕೆಡಿಸದೆ, ಮುಂದಿನವರು ಬೇರೆ ತೀರ್ಮಾನ ಕೈಗೊಳ್ಳುವುದಕ್ಕೂ ಎಡೆಯಿರುವಂತೆ 2013ರಲ್ಲಿ ಮಾಡಿದ, ನೀವು ನೋಡಿದ ಬೆಳಕಿನ ಏರ್ಪಾಡು, ಹಳ್ಳಿಯ ಚರ್ಚುಗಳ ಜೀರ್ಣೋದ್ಧಾರದಲ್ಲಿ ನಾನು ಬಲ್ಲ ಅತ್ಯಂತ ಪ್ರಾಮಾಣಿಕ ಕೆಲಸಗಳಲ್ಲಿ ಒಂದು. ಹೀಗೆ ಹೇಳುವುದಕ್ಕೆ ಕಾರಣಗಳನ್ನು ವಿವರಿಸಲು ಸ್ವಲ್ಪ ಹಿಂದಿನಿಂದ ಆರಂಭಿಸಬೇಕಾಗುತ್ತದೆ.

ತಾಉಲ್ ಇರುವುದು ಸ್ಪೇನಿನ ಕ್ಯಾಟಲೋನಿಯಾ ಪ್ರಾಂತದ ವಾಯವ್ಯ ಮೂಲೆಯ ಬೊಯಿ ಕಣಿವೆಯಲ್ಲಿ, ಸಮುದ್ರಮಟ್ಟದಿಂದ ಸುಮಾರು 1,500 ಮೀಟರ್ ಎತ್ತರದಲ್ಲಿ. ಈ ಕಿರಿದಾದ ಕಣಿವೆಯ ಪುಟ್ಟ ಊರುಗಳಲ್ಲಿ 11 ಮತ್ತು 12ನೆಯ ಶತಮಾನಗಳಲ್ಲಿ ಒಂದರ ಪಕ್ಕದಲ್ಲೊಂದು ಎಂಬಂತೆ ಚರ್ಚುಗಳು ಎದ್ದವು. ಅವುಗಳಲ್ಲಿ ಒಂಬತ್ತನ್ನು 2000ದಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಸಂತ ಕ್ಲಿಮೆಂಟ್ ಚರ್ಚಿನ ಪ್ರತಿಷ್ಠೆ ನಡೆದದ್ದು 1123ರ ಡಿಸೆಂಬರ್ 10ರಂದು, ರೋಡ-ಬರ್ಬಾಸ್ತ್ರೊ ಧರ್ಮಕ್ಷೇತ್ರದ ಧರ್ಮಾಧ್ಯಕ್ಷ ರಾಮೋನ್ ಅವರಿಂದ. ಇದು ಊಹೆಯಲ್ಲ, ಚರ್ಚಿನ ಕಂಬವೊಂದರ ಮೇಲೆ ಬಣ್ಣದಲ್ಲಿ ಬರೆದ ಲ್ಯಾಟಿನ್ ಶಾಸನವೇ ಇದನ್ನು ದಾಖಲಿಸಿದೆ. ಮರುದಿನ, ಅಂದರೆ ಡಿಸೆಂಬರ್ 11ರಂದು, ಅವರೇ ಅದೇ ಊರಿನ ಸಂತ ಮರಿಯ ಚರ್ಚನ್ನೂ ಪ್ರತಿಷ್ಠಾಪಿಸಿದರು. ನಮ್ಮ ಬೇಲೂರಿನ ಚೆನ್ನಕೇಶವನ ಪ್ರತಿಷ್ಠೆ 1117ರದ್ದೆಂಬುದನ್ನು ನೆನೆದರೆ ಕಾಲದ ಅಂದಾಜು ಕನ್ನಡದ ಓದುಗರಿಗೆ ಸುಲಭವಾಗಿ ಸಿಗುತ್ತದೆ.

ಒಂದು ಬೆಟ್ಟದ ಹಳ್ಳಿಯಲ್ಲಿ ಎರಡು ದಿನಗಳಲ್ಲಿ ಎರಡು ಚರ್ಚುಗಳು ಪ್ರತಿಷ್ಠೆಗೊಳ್ಳಲು ಕಾರಣಗಳಿದ್ದವು. ಕಣಿವೆಯ ಒಡೆತನ ಎರಿಲ್ ಮನೆತನದ ಪಾಳೆಯಗಾರರದ್ದು. ಆರಗೋನಿನ ದೊರೆ ಒಂದನೆಯ ಅಲ್ಫಾನ್ಸೊ ದಕ್ಷಿಣದ ಮುಸ್ಲಿಂ ರಾಜ್ಯಗಳ ಮೇಲೆ ನಡೆಸಿದ ದಂಡಯಾತ್ರೆಗಳಲ್ಲಿ ಈ ಮನೆತನದವರು ಭಾಗವಹಿಸಿದ್ದರು. 1118ರಲ್ಲಿ ಸರಗೋಸ ನಗರ ಅಲ್ಫಾನ್ಸೊನ ವಶವಾಯಿತು. ಆ ಯುದ್ಧಗಳಿಂದ ಬಂದ ಸಂಪತ್ತೇ ಈ ಚರ್ಚುಗಳ ನಿರ್ಮಾಣಕ್ಕೆ ಒದಗಿತೆಂದು ಬಹುಪಾಲು ಇತಿಹಾಸಕಾರರು ಒಪ್ಪುತ್ತಾರೆ. ಇದರ ಜೊತೆಗೆ, ಕಣಿವೆ ಉರ್ಜೆಲ್‌ನ ಧರ್ಮಾಧ್ಯಕ್ಷರಿಗೆ ಸೇರಿದ್ದೋ ರೋಡದವರಿಗೆ ಸೇರಿದ್ದೋ ಎಂಬ ವಿವಾದವೂ ಅಂದು ನಡೆದಿತ್ತು. ಹೀಗಾಗಿ ಪ್ರತಿಷ್ಠೆ ನೆರವೇರಿಸಿದವರು ಯಾರು ಎಂಬುದನ್ನು ಕಂಬದ ಮೇಲೆ ಎಲ್ಲರಿಗೂ ಕಾಣುವಂತೆ ಬರೆಸಿದ್ದರಲ್ಲಿ ಭಕ್ತಿಯ ಜೊತೆಗೆ ಅಧಿಕಾರದ ಘೋಷಣೆಯೂ ಇತ್ತೆಂದು ನನಗೆ ತೋರುತ್ತದೆ.

ಕಟ್ಟಡದ ಶೈಲಿಯನ್ನು ರೋಮನೆಸ್ಕ್ ಎನ್ನುತ್ತಾರೆ. ಅದರಲ್ಲೂ ಇಟಲಿಯ ಉತ್ತರ ಭಾಗದಿಂದ ಬಂದ ಲೊಂಬಾರ್ಡ್ ಪದ್ಧತಿಯದು. ದಪ್ಪ ಗೋಡೆಗಳು, ಸಣ್ಣ ಕಲ್ಲುಗಳನ್ನು ಸಾಲುಸಾಲಾಗಿ ಜೋಡಿಸಿ ಸುಣ್ಣದ ಗಾರೆಯಲ್ಲಿ ಕಟ್ಟಿದ ಕೆಲಸ, ಅರ್ಧವೃತ್ತದ ಕಮಾನುಗಳು, ಹೊರಗೋಡೆಯ ಮೇಲಂಚಿನಲ್ಲಿ ಕುರುಡು ಕಮಾನುಗಳ (ತೆರಪಿಲ್ಲದ, ಅಲಂಕಾರದ ಕಮಾನುಗಳ) ಪಟ್ಟಿ ಇದರ ಲಕ್ಷಣಗಳು. ಒಳಗೆ ದುಂಡನೆಯ ಕಲ್ಲಿನ ಕಂಬಗಳು ಜಾಗವನ್ನು ಮೂರು ಅಂಕಣಗಳಾಗಿ ಬೇರ್ಪಡಿಸುತ್ತವೆ. ಒಂದೊಂದು ಅಂಕಣದ ಪೂರ್ವದ ತುದಿಯಲ್ಲೂ ಒಂದೊಂದು ಅರ್ಧವೃತ್ತಾಕಾರದ ಪೀಠಭಾಗ, ಅಂದರೆ ಬಲಿಪೀಠವಿರುವ ಜಾಗ, ಇದೆ. ಮಾಡು ಕಲ್ಲಿನದಲ್ಲ, ಮರದ ತೊಲೆಗಳ ಮೇಲೆ ಸ್ಲೇಟು ಹಲಗೆಗಳನ್ನು ಹೊದಿಸಿದ್ದು. ಇಷ್ಟೆಲ್ಲ ಸರಳವಾದ ಕಟ್ಟಡದ ಪಕ್ಕದಲ್ಲಿ, ಮೇಲೆ ಹೋದಂತೆ ಕಿಟಕಿಗಳ ಸಂಖ್ಯೆ ಹೆಚ್ಚುವ ಆರು ಅಂತಸ್ತಿನ ಚೌಕಾಕಾರದ ಗಂಟೆಗೋಪುರ ನಿಂತಿದೆ. ಈ ಗೋಪುರವನ್ನು ಕಣಿವೆಯ ಬೇರೆ ಊರುಗಳಿಂದಲೂ ನೋಡಬಹುದು.

ಈ ಚರ್ಚು 12ನೆಯ ಶತಮಾನದ ರೂಪದಲ್ಲೇ ಹೇಗೆ ಉಳಿಯಿತು ಎಂದು ನೀವು ಕೇಳಿಲ್ಲ. ಆದರೂ ಅದನ್ನು ತಿಳಿಯದೆ ಮುಂದಿನ ಕತೆ ಅರ್ಥವಾಗುವುದಿಲ್ಲ. ದಕ್ಷಿಣದ ಬಯಲು ಕ್ರಿಸ್ತೀಯ ದೊರೆಗಳ ಕೈಗೆ ಬಂದ ಬಳಿಕ ಪಾಳೆಯಗಾರರ ಹಿತಾಸಕ್ತಿ ಬಯಲಿನ ಕಡೆಗೆ ತಿರುಗಿತು, ಕಣಿವೆ ಬಡವಾಯಿತು. ಬೇರೆ ಊರುಗಳಲ್ಲಿ ಹಣ ಬಂದಾಗಲೆಲ್ಲ ಹಳೆಯ ಚರ್ಚನ್ನು ಕೆಡವಿ ಗಾಥಿಕ್ ಶೈಲಿಯಲ್ಲಿ, ಆಮೇಲೆ ಬರೋಕ್ ಶೈಲಿಯಲ್ಲಿ ಹೊಸತನ್ನು ಕಟ್ಟಿದರು. ತಾಉಲ್‌ನ ರೈತರಿಗೂ ಕುರುಬರಿಗೂ ಅಂಥ ಹಣ ಒದಗಲಿಲ್ಲ. ಇದ್ದುದನ್ನೇ ರಿಪೇರಿ ಮಾಡಿಕೊಂಡು, ಹಳೆಯ ಚಿತ್ರದ ಮುಂದೆ ಹೊಸ ಕಾಲದ ಮರದ ಪೀಠಫಲಕವನ್ನು ನಿಲ್ಲಿಸಿಕೊಂಡು ಪೂಜೆ ನಡೆಸಿಕೊಂಡು ಬಂದರು. ಯುರೋಪಿನಾದ್ಯಂತ ರೋಮನೆಸ್ಕ್ ಹಳ್ಳಿಯ ಚರ್ಚುಗಳು ಹೆಚ್ಚಾಗಿ ಉಳಿದಿರುವುದು ಹೀಗೆ ಸಂಪತ್ತು ತಪ್ಪಿಸಿಕೊಂಡು ಹೋದ ಜಾಗಗಳಲ್ಲಿಯೇ.

ಇನ್ನು ಚಿತ್ರ. ನಡುವಿನ ಪೀಠಭಾಗದ ಒಳಗೋಡೆಯ ಮೇಲೆ, ಹೆಸರು ತಿಳಿಯದ ಕಾರಣ ‘ತಾಉಲ್‌ನ ಗುರು’ ಎಂದೇ ವಿದ್ವಾಂಸರು ಕರೆಯುವ ಚಿತ್ರಕಾರ, ಬಾದಾಮಿಯಾಕಾರದ ಪ್ರಭಾವಳಿಯೊಳಗೆ ಕುಳಿತ ಕ್ರಿಸ್ತನನ್ನು ಬರೆದ. ಬಲಗೈ ಆಶೀರ್ವಾದದ ಮುದ್ರೆಯಲ್ಲಿದೆ; ಎಡಗೈಯಲ್ಲಿ ಹಿಡಿದ ಪುಸ್ತಕದಲ್ಲಿ ‘ನಾನೇ ಲೋಕದ ಬೆಳಕು’ ಎಂಬ ಲ್ಯಾಟಿನ್ ವಾಕ್ಯವಿದೆ; ಎರಡು ಬದಿಗಳಲ್ಲಿ ಗ್ರೀಕ್ ಅಕ್ಷರಮಾಲೆಯ ಮೊದಲ ಮತ್ತು ಕೊನೆಯ ಅಕ್ಷರಗಳಾದ ಆಲ್ಫಾ ಮತ್ತು ಒಮೇಗಾ ದೀಪಗಳ ಹಾಗೆ ತೂಗುತ್ತವೆ. ಸುತ್ತಲೂ ನಾಲ್ವರು ಶುಭಸಂದೇಶಕಾರರ ಲಾಂಛನಗಳನ್ನು ಹಿಡಿದ ದೇವದೂತರು, ಕೆಳಗಿನ ಸಾಲಿನಲ್ಲಿ ಮಾತೆ ಮರಿಯ ಮತ್ತು ಪ್ರೇಷಿತರು ಇದ್ದಾರೆ. ಮರಿಯಳ ಕೈಯ ಬಟ್ಟಲಿನಿಂದ ಕೆಂಪು ಕಿರಣಗಳು ಹೊಮ್ಮುತ್ತವೆ. ಮುಂದಿನ ಕಮಾನುಗಳಲ್ಲಿ ದೇವರ ಹಸ್ತ, ಬೈಬಲಿನ ಪ್ರಕಟನೆ ಗ್ರಂಥದ ಏಳು ಕಣ್ಣುಗಳ ಕುರಿಮರಿ, ಶ್ರೀಮಂತನ ಬಾಗಿಲಲ್ಲಿ ಬಿದ್ದಿರುವ ಲಾಜರ ಮತ್ತು ಅವನ ಹುಣ್ಣುಗಳನ್ನು ನೆಕ್ಕುವ ನಾಯಿಯ ಚಿತ್ರಗಳಿವೆ. ಹಿನ್ನೆಲೆಯ ನೀಲಿ ಬಣ್ಣ ಏರಿನೈಟ್ ಎಂಬ ಖನಿಜದ್ದು. ಅದು ಪಿರೆನೀಸ್ ಪರ್ವತದಲ್ಲೇ ದೊರೆಯುತ್ತದೆ. ಕ್ರಿಸ್ತನ ಮುಖದ ಎಡಬಲ ಸಮನಾದ ಗೆರೆಗಳು, ಬಟ್ಟೆಯ ಮಡಿಕೆಗಳನ್ನು ಗೆರೆಗಳ ಲಯವನ್ನಾಗಿ ಮಾಡಿರುವ ರೀತಿ ಇವುಗಳನ್ನು ನೋಡಿದರೆ ಈತ ಬೆಟ್ಟದ ಹಳ್ಳಿಯಲ್ಲಿ ಕಲಿತ ಕೈಯಲ್ಲ, ದೊಡ್ಡ ಕೇಂದ್ರಗಳ ಕೆಲಸವನ್ನು ಕಂಡವನು ಎಂದು ಹೇಳಲು ಅಡ್ಡಿಯಿಲ್ಲ.

ಆ ಚಿತ್ರವನ್ನು ಹೊರಜಗತ್ತು ಗಮನಿಸಿದ್ದು 20ನೆಯ ಶತಮಾನದ ಆರಂಭದಲ್ಲಿ. 1907ರಲ್ಲಿ ಆಗಷ್ಟೇ ಹುಟ್ಟಿದ್ದ ಕ್ಯಾಟಲನ್ ಅಧ್ಯಯನ ಸಂಸ್ಥೆ, ವಾಸ್ತುಶಿಲ್ಪಿ ಜುಝೆಪ್ ಪುಚ್ ಇ ಕಾದಾಫಾಲ್ಕ್ ಅವರ ನೇತೃತ್ವದಲ್ಲಿ ಒಂದು ತಂಡವನ್ನು ಈ ಕಣಿವೆಗಳಿಗೆ ಕಳಿಸಿತು. ತಂಡದವರು ಕಟ್ಟಡಗಳನ್ನು ಅಳೆದರು, ಛಾಯಾಚಿತ್ರ ತೆಗೆದರು. ಮುಂದೆ ಚಿತ್ರಗಳ ಪ್ರತಿಗಳನ್ನು ಮಾಡಿಸಿ ಪ್ರಕಟಿಸಲಾಯಿತು. ಪ್ರಕಟಣೆಯಿಂದ ವಿದ್ವಾಂಸರಿಗೆ ಎಷ್ಟು ಉಪಕಾರವಾಯಿತೋ ಕಲಾಕೃತಿಗಳ ವ್ಯಾಪಾರಿಗಳಿಗೂ ಅಷ್ಟೇ ಉಪಕಾರವಾಯಿತು: ಯಾವ ಊರಿನ ಯಾವ ಗೋಡೆಯ ಮೇಲೆ ಏನಿದೆ ಎಂಬ ಮಾಹಿತಿ ಅವರ ಕೈಗೂ ಸೇರಿತು. ಅಮೆರಿಕದ ಹೊಸ ಸಂಗ್ರಹಾಲಯಗಳು ಮಧ್ಯಯುಗದ ಕಲೆಯನ್ನು ಕೊಳ್ಳಲು ಹಣ ಹಿಡಿದು ನಿಂತಿದ್ದ ಕಾಲವದು. 1919ರಲ್ಲಿ ಸಂಗ್ರಾಹಕ ಲುಯಿಸ್ ಪ್ಲಂದಿಯೂರ, ಮೂರ್ ಎಂಬಲ್ಲಿನ ಸಂತ ಮರಿಯ ಚರ್ಚಿನ ಪೀಠಭಾಗದ ಚಿತ್ರವನ್ನು ಕೊಂಡರು. ಗೋಡೆಯಿಂದ ಬಿಡಿಸಿದ ಆ ಚಿತ್ರ 1921ರಲ್ಲಿ ಬಾಸ್ಟನ್ನಿನ ಲಲಿತಕಲಾ ಸಂಗ್ರಹಾಲಯದ ಪಾಲಾಯಿತು. ಇಂದಿಗೂ ಅದು ಅಲ್ಲಿಯೇ ಇದೆ. ಇದನ್ನು ತಡೆಯುವ ಕಾನೂನು ಅಂದಿನ ಸ್ಪೇನಿನಲ್ಲಿ ಇರಲಿಲ್ಲ. ಬಡ ಹಳ್ಳಿಯ ಧರ್ಮಗುರುಗಳಿಗೆ ಮಾಡು ಸೋರುತ್ತಿದ್ದ ಚರ್ಚಿನ ರಿಪೇರಿಗೆ ಹಣ ಬೇಕಿತ್ತು. ಮರದ ಫಲಕದ ಹಿಂದೆ ಮರೆಯಾಗಿದ್ದ ಹಳೆಯ ಚಿತ್ರಕ್ಕೆ ಯಾರೋ ಹಣ ಕೊಡುತ್ತೇವೆಂದು ಬಂದರೆ ಅವರು ಮಾರಿದ್ದನ್ನು ದುರಾಸೆ ಎಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ.

ಬಾರ್ಸಿಲೋನಾದ ಸಂಗ್ರಹಾಲಯ ಮಂಡಳಿ ಎಚ್ಚೆತ್ತುಕೊಂಡದ್ದು ಈ ಹೊತ್ತಿನಲ್ಲಿ. ಜುವಾಕಿಮ್ ಫೋಲ್ಕ್ ಇ ತೋರೆಸ್ ಅವರ ಮುಂದಾಳತ್ವದಲ್ಲಿ ಮಂಡಳಿ ಚರ್ಚಿನ ಅಧಿಕಾರಿಗಳೊಂದಿಗೆ ಮಾತುಕತೆ ನಡೆಸಿ, ಪಿರೆನೀಸ್‌ನ ಚರ್ಚುಗಳ ಚಿತ್ರಗಳನ್ನು ತಾನೇ ಕೊಂಡು ಬಿಡಿಸಿ ತರುವ ನಿರ್ಧಾರ ಕೈಗೊಂಡಿತು. ವ್ಯಾಪಾರಿಗಳಿಗಾಗಿ ದುಡಿಯುತ್ತಿದ್ದ ಇಟಲಿಯ ಬೆರ್ಗಮೊ ಪ್ರದೇಶದ ತಂತ್ರಜ್ಞ ಫ್ರಾಂಕೊ ಸ್ತೆಫನೋನಿ ಮತ್ತು ಅವರ ಸಂಗಡಿಗರನ್ನೇ ಈ ಕೆಲಸಕ್ಕೆ ಗೊತ್ತುಮಾಡಿಕೊಂಡರು. ಏಕೆಂದರೆ ಆ ವಿದ್ಯೆಯನ್ನು ಬಲ್ಲವರು ಅಂದು ಸ್ಪೇನಿನಲ್ಲಿ ಇರಲಿಲ್ಲ. 1919ರಿಂದ 1923ರವರೆಗೆ ಈ ಕೆಲಸ ನಡೆಯಿತು.

ನೀವು ಕೇಳಿದ ‘ಹೇಗೆ’ ಎಂಬುದಕ್ಕೆ ಈಗ ಬರೋಣ. ಹಸಿ ಸುಣ್ಣದ ಗಾರೆಯ ಮೇಲೆ ನೀರಿನಲ್ಲಿ ಕಲಸಿದ ಬಣ್ಣವನ್ನು ಹಚ್ಚಿದಾಗ, ಗಾರೆ ಒಣಗುತ್ತ ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಕ್ಯಾಲ್ಸಿಯಂ ಕಾರ್ಬೊನೇಟ್ ಆಗುತ್ತದೆ. ಬಣ್ಣದ ಕಣಗಳು ಆ ತೆಳುವಾದ ಸುಣ್ಣದ ಹರಳಿನ ಪದರದಲ್ಲಿ ಸಿಕ್ಕಿಕೊಳ್ಳುತ್ತವೆ. ಅಂದರೆ ಚಿತ್ರವೆಂಬುದು ಗೋಡೆಯ ಮೇಲ್ಮೈಯ ಅತಿ ತೆಳುವಾದ ಒಂದು ಪದರ. ಅದನ್ನು ಬೇರ್ಪಡಿಸಲು ಮೂರು ದಾರಿಗಳಿವೆ: ಗೋಡೆಯ ಕಲ್ಲಿನ ಸಮೇತ ಕತ್ತರಿಸುವುದು, ಗಾರೆಯ ಸಮೇತ ಬಿಡಿಸುವುದು, ಬಣ್ಣದ ಪದರವನ್ನಷ್ಟೇ ಎಳೆದು ತೆಗೆಯುವುದು. ತಾಉಲ್‌ನಲ್ಲಿ ಬಳಸಿದ್ದು ಮೂರನೆಯದು. ಇಟಾಲಿಯನ್ನರು ಇದನ್ನು ‘ಸ್ತ್ರಾಪ್ಪೊ’ ಎನ್ನುತ್ತಾರೆ.

ಮೊದಲು ಚಿತ್ರದ ಮೇಲ್ಮೈಯನ್ನು ಶುಚಿಗೊಳಿಸಿ, ಪ್ರಾಣಿಜನ್ಯ ಅಂಟಿನಲ್ಲಿ ಅದ್ದಿದ ಬಟ್ಟೆಯನ್ನು ಪದರ ಪದರವಾಗಿ ಅಂಟಿಸುತ್ತಾರೆ. ಅಂಟು ಒಣಗುವಾಗ ಬಲವಾಗಿ ಕುಗ್ಗುತ್ತದೆ. ಆ ಕುಗ್ಗುವಿಕೆಯ ಸೆಳೆತ ಬಣ್ಣದ ಪದರ ಗಾರೆಯನ್ನು ಹಿಡಿದುಕೊಂಡಿರುವ ಬಲಕ್ಕಿಂತ ಹೆಚ್ಚಾದಾಗ, ಕಾಯಿಸಿದ ಹಾಲಿನ ಮೇಲಿನ ಕೆನೆಯಂತೆ ಬಣ್ಣ ಬಟ್ಟೆಗೆ ಅಂಟಿಕೊಂಡು ಎದ್ದುಬರುತ್ತದೆ. ಅಂಚಿನಿಂದ ನಿಧಾನವಾಗಿ ಬಿಡಿಸಿದ ಬಟ್ಟೆಯನ್ನು ಸುರುಳಿ ಸುತ್ತಿ, ಹೇಸರಗತ್ತೆಗಳ ಮೇಲೆ ಹೇರಿ, ಬೆಟ್ಟದ ದಾರಿಗಳಲ್ಲಿ ಕೆಳಗೆ ಸಾಗಿಸಿದರು. ಬಾರ್ಸಿಲೋನಾದಲ್ಲಿ ಆ ಪದರದ ಹಿಂಬದಿಯನ್ನು ಸಮಮಾಡಿ, ಹಾಲಿನ ಕೇಸೀನ್ ಮತ್ತು ಸುಣ್ಣ ಸೇರಿಸಿ ಮಾಡಿದ ಅಂಟಿನಿಂದ ಹೊಸ ಬಟ್ಟೆಗೆ ಕೂರಿಸಿದರು. ಆಮೇಲೆ ಬಿಸಿನೀರಿನಿಂದ ಮುಂಬದಿಯ ಅಂಟನ್ನು ಕರಗಿಸಿ ಹಳೆಯ ಬಟ್ಟೆಯನ್ನು ತೆಗೆದರು. ಕೇಸೀನ್ ಅಂಟು ಒಮ್ಮೆ ಗಟ್ಟಿಯಾದ ಮೇಲೆ ನೀರಿನಲ್ಲಿ ಕರಗುವುದಿಲ್ಲ, ಪ್ರಾಣಿಜನ್ಯ ಅಂಟು ಕರಗುತ್ತದೆ. ಇಡೀ ತಂತ್ರ ನಿಂತಿರುವುದು ಈ ವ್ಯತ್ಯಾಸದ ಮೇಲೆ. ಕೊನೆಗೆ ಚರ್ಚಿನ ಪೀಠಭಾಗದ ಆಕಾರದಲ್ಲೇ ಮಾಡಿದ ಮರದ ಚೌಕಟ್ಟಿನೊಳಗೆ ಚಿತ್ರವನ್ನು ನಿಲ್ಲಿಸಿದರು. ನೀವು ಸಂಗ್ರಹಾಲಯದಲ್ಲಿ ಅದರ ಹಿಂದೆ ಹೋಗಿ ನೋಡಿದ್ದರೆ ಆ ಮರದ ಪಕ್ಕೆಲುಬುಗಳು ಕಂಡಿರಬಹುದು.

ಈ ವಿಧಾನದ ಬೆಲೆಯನ್ನೂ ತಿಳಿದಿರಬೇಕು. ಗೋಡೆಯ ಏರುತಗ್ಗು ಹೋಗುತ್ತದೆ. ಒಣಗಿದ ಮೇಲೆ ಹಚ್ಚಿದ ಬಣ್ಣಗಳು ಸುಲಭವಾಗಿ ಕಳಚುತ್ತವೆ. ಆಳಕ್ಕೆ ಇಳಿದ ಬಣ್ಣದ ಒಂದಂಶ ಗೋಡೆಯಲ್ಲೇ ಉಳಿದುಬಿಡುತ್ತದೆ. ಆದುದರಿಂದ ‘ಚಿತ್ರ ಬಾರ್ಸಿಲೋನಾದಲ್ಲಿದೆ’ ಎನ್ನುವುದು ಪೂರ್ತಿ ನಿಜವಲ್ಲ. ಚಿತ್ರದ ಬಹುಪಾಲು ಅಲ್ಲಿದೆ. ಉಳಿದ ಪಾಲು ತಾಉಲ್‌ನ ಗೋಡೆಯಲ್ಲಿದೆ.

ಹಾಗೆ ಒಯ್ದದ್ದು ಸರಿಯೇ ಎಂಬ ನಿಮ್ಮ ಪ್ರಶ್ನೆಗೆ ನಮ್ಮ ಕಡೆಯ ಒಂದು ಸಮಕಾಲೀನ ಉದಾಹರಣೆಯನ್ನು ಪಕ್ಕದಲ್ಲಿಟ್ಟು ಉತ್ತರಿಸುವುದು ಉಚಿತ. ಕಲಬುರಗಿ, ಬೀದರ್, ರಾಯಚೂರುಗಳೂ ಸೇರಿದ್ದ ಹೈದರಾಬಾದ್ ಸಂಸ್ಥಾನದ ನಿಜಾಮ ಸರ್ಕಾರ 1920-22ರಲ್ಲಿ, ಅಂದರೆ ತಾಉಲ್‌ನ ಕೆಲಸ ನಡೆಯುತ್ತಿದ್ದಾಗಲೇ, ಲೊರೆಂಜೊ ಚೆಕ್ಕೋನಿ ಮತ್ತು ಒರ್ಸಿನಿ ಎಂಬ ಇಬ್ಬರು ಇಟಾಲಿಯನ್ ತಜ್ಞರನ್ನು ಅಜಂತಾಕ್ಕೆ ಕರೆಸಿತ್ತು. ಅವರು ಚಿತ್ರಗಳನ್ನು ಬಿಡಿಸಲಿಲ್ಲ. ಗುಹೆಯ ಗೋಡೆಯ ಮೇಲೆಯೇ ಗಟ್ಟಿಗೊಳಿಸಿದರು. ಅಜಂತಾದ ಚಿತ್ರಗಳಿರುವುದು ಮಣ್ಣಿನ ಗಾರೆಯ ಮೇಲೆ, ಬಣ್ಣ ಹಚ್ಚಿದ್ದು ಒಣ ಮೇಲ್ಮೈಗೆ. ಅಲ್ಲಿ ಸ್ತ್ರಾಪ್ಪೊ ಹೊಂದುತ್ತಲೂ ಇರಲಿಲ್ಲ. ಆದರೆ ರಕ್ಷಣೆಗೆಂದು ಬಳಿದ ಅರಗಿನ ಲೇಪ ಕಾಲ ಕಳೆದಂತೆ ಹಳದಿಗಟ್ಟಿ ಮಬ್ಬಾಗಿ, ಮುಂದೆ ಭಾರತೀಯ ಪುರಾತತ್ವ ಇಲಾಖೆಯ ರಸಾಯನತಜ್ಞರು ಅದನ್ನು ತೆಗೆಯಲು ಬಹಳ ಶ್ರಮ ಪಡಬೇಕಾಯಿತು. ಆ ಕಾಲದಲ್ಲಿ ಯಾವ ದಾರಿಯೂ ನಿರಪಾಯವಾಗಿರಲಿಲ್ಲ ಎಂದು ತೋರಿಸಲು ಇದನ್ನು ಹೇಳಿದೆ. ತಾಉಲ್‌ನಲ್ಲಿ ಮಂಡಳಿಯ ಮುಂದಿದ್ದ ಆಯ್ಕೆ ಚಿತ್ರವನ್ನು ಗೋಡೆಯಲ್ಲಿ ಉಳಿಸುವುದೋ ಬಾರ್ಸಿಲೋನಾಕ್ಕೆ ತರುವುದೋ ಎಂಬುದಾಗಿರಲಿಲ್ಲ. ಬಾರ್ಸಿಲೋನಾಕ್ಕೋ ಸಾಗರದಾಚೆಗೋ ಎಂಬುದಾಗಿತ್ತು. ಮೂರ್‌ನ ಚಿತ್ರಕ್ಕೆ ಆದುದನ್ನು ನೋಡಿದ ಮೇಲೆ ಅವರು ಕೈಕಟ್ಟಿ ಕೂರಬೇಕಿತ್ತೆಂದು ನಾನು ಹೇಳಲಾರೆ. ಅಪಾಯ ಕಳೆದ ಮೇಲೂ ಹಳ್ಳಿಗಳಿಗೆ ಏನು ಋಣ ಸಲ್ಲಬೇಕೆಂಬುದನ್ನು ದಶಕಗಳ ಕಾಲ ಯಾರೂ ಗಂಭೀರವಾಗಿ ಯೋಚಿಸಲಿಲ್ಲ ಎಂಬುದು ಮಾತ್ರ ನನ್ನ ದೃಷ್ಟಿಯಲ್ಲಿ ದೊಡ್ಡ ಕೊರತೆ.

ಮರಳಿ ತರುವ ಪ್ರಶ್ನೆಯಲ್ಲಿ ಭಾವನೆಗಿಂತ ವಸ್ತುವಿನ ಸ್ಥಿತಿಯನ್ನು ಮೊದಲು ನೋಡಬೇಕು. ಸಂಗ್ರಹಾಲಯದಲ್ಲಿರುವ ಚಿತ್ರ ಈಗ ಸುಣ್ಣದ ಗೋಡೆಯ ಭಾಗವಲ್ಲ. ಸುಣ್ಣ, ಕೇಸೀನ್, ಬಟ್ಟೆ, ಮರ ಇವುಗಳನ್ನು ಒಂದರ ಮೇಲೊಂದು ಸೇರಿಸಿದ ಹೊಸದೊಂದು ರಚನೆ. ತೇವ ಏರಿದರೆ ಬಟ್ಟೆ, ಮರ, ಸುಣ್ಣ ಒಂದೊಂದೂ ಒಂದೊಂದು ಪ್ರಮಾಣದಲ್ಲಿ ಹಿಗ್ಗುತ್ತದೆ. ಸಾವಯವ ಅಂಟಿಗೆ ಬೂಷ್ಟು ಹಿಡಿಯುತ್ತದೆ. ಚಳಿಗಾಲವಿಡೀ ಹಿಮದಲ್ಲಿ ನಿಲ್ಲುವ, ಬೇಸಿಗೆಯಲ್ಲಿ ಬಾಗಿಲು ತೆರೆದಷ್ಟೂ ಸಲ ಒಳಗಿನ ಗಾಳಿ ಬದಲಾಗುವ ಕಲ್ಲಿನ ಚರ್ಚಿನಲ್ಲಿ ಅದನ್ನು ಇಡುವುದೆಂದರೆ ಚರ್ಚನ್ನೇ ಗಾಜಿನ ಪೆಟ್ಟಿಗೆಯಾಗಿ ಮಾರ್ಪಡಿಸಬೇಕಾಗುತ್ತದೆ. ಅದರ ಮೇಲೆ, ಆ ಜಾಗದ ಗೋಡೆಯಲ್ಲಿ ಮೂಲ ಚಿತ್ರದ ಅವಶೇಷಗಳು ಇನ್ನೂ ಇವೆ. ಹಳೆಯದನ್ನು ತಂದು ಅವುಗಳ ಮೇಲೆ ಮುಚ್ಚುವುದು ಎಂಥ ನ್ಯಾಯ? ಇತ್ತೀಚೆಗೆ, 2025ರ ಮೇ ತಿಂಗಳಲ್ಲಿ, ಸ್ಪೇನಿನ ಸರ್ವೋಚ್ಚ ನ್ಯಾಯಾಲಯ ಇದೇ ಸಂಗ್ರಹಾಲಯದಲ್ಲಿರುವ ಸಿಹೇನ ಮಠದ ಚಿತ್ರಗಳನ್ನು ಆರಗೋನಿನ ಆ ಮಠಕ್ಕೆ ಮರಳಿಸಬೇಕೆಂಬ ಆದೇಶವನ್ನು ಎತ್ತಿಹಿಡಿದಿದೆ. ಅಲ್ಲಿ ಪ್ರಶ್ನೆ ಒಡೆತನದ್ದು. ಆ ಚಿತ್ರಗಳು 1936ರಲ್ಲಿ ಅಂತರ್ಯುದ್ಧದ ಬೆಂಕಿಯಲ್ಲಿ ಬೆಂದು, ನಂತರ ಮಠದಿಂದ ತೆಗೆಯಲ್ಪಟ್ಟವು. ತಾಉಲ್‌ನವನ್ನು ಒಪ್ಪಂದದ ಮೂಲಕ ಕೊಂಡದ್ದು. ಹೀಗಾಗಿ ಒಂದರ ತೀರ್ಪನ್ನು ಇನ್ನೊಂದಕ್ಕೆ ಹಾಗೆಯೇ ಅನ್ವಯಿಸಲಾಗದು. ಆದರೆ ಬೆಂದ ಚಿತ್ರಗಳು ಪ್ರಯಾಣವನ್ನು ತಾಳಿಕೊಳ್ಳುತ್ತವೆಯೇ ಎಂದು ಅಲ್ಲಿ ನಡೆದ ತಾಂತ್ರಿಕ ವಾದ ಎರಡು ಕಡೆಗೂ ಸಲ್ಲುವಂಥದು.

ಈಗ ಚರ್ಚಿನ ಜೀರ್ಣೋದ್ಧಾರ. ಇಲ್ಲಿ ತಾಉಲ್‌ನ ಎರಡು ಚರ್ಚುಗಳನ್ನೂ ಒಟ್ಟಿಗೆ ನೋಡುವುದು ಲೇಸು. ಊರ ನಡುವಿನ ಸಂತ ಮರಿಯ ಚರ್ಚನ್ನು 18ನೆಯ ಶತಮಾನದಲ್ಲಿ ಬರೋಕ್ ಅಭಿರುಚಿಗೆ ತಕ್ಕಂತೆ ಬದಲಿಸಿ ಗುಮ್ಮಟವನ್ನೂ ಸೇರಿಸಿದ್ದರು. 1970ರ ದಶಕದ ಜೀರ್ಣೋದ್ಧಾರದಲ್ಲಿ ಅದನ್ನೆಲ್ಲ ತೆಗೆದು 12ನೆಯ ಶತಮಾನದ ರೂಪವನ್ನು ಮರಳಿ ಕೊಡಲಾಯಿತು. ಇದರ ಹಿಂದೆ 19ನೆಯ ಶತಮಾನದ ಫ್ರಾನ್ಸಿನ ವಾಸ್ತುಶಿಲ್ಪಿ ವಿಯೊಲೆ-ಲೆ-ದ್ಯುಕ್ ಅವರಿಂದ ಬಂದ ಒಂದು ನಂಬಿಕೆ ಇದೆ: ಕಟ್ಟಡಕ್ಕೆ ಒಂದು ಶುದ್ಧವಾದ, ಪೂರ್ಣವಾದ ರೂಪವಿದೆ, ನಂತರ ಸೇರಿದ್ದನ್ನು ತೆಗೆದರೆ ಅದು ದೊರೆಯುತ್ತದೆ ಎಂಬ ನಂಬಿಕೆ. ಅಷ್ಟರಲ್ಲಾಗಲೇ ಸ್ಮಾರಕಗಳ ರಕ್ಷಣೆಯ ಅಂತರರಾಷ್ಟ್ರೀಯ ಮಾರ್ಗಸೂಚಿಯಾದ 1964ರ ವೆನಿಸ್ ಸನ್ನದು, ಸ್ಮಾರಕಕ್ಕೆ ಎಲ್ಲ ಕಾಲಗಳೂ ಕೊಟ್ಟ ಮೌಲ್ಯಯುತ ಕೊಡುಗೆಗಳನ್ನು ಗೌರವಿಸಬೇಕು, ಶೈಲಿಯ ಏಕತೆ ಜೀರ್ಣೋದ್ಧಾರದ ಗುರಿಯಲ್ಲ ಎಂದು ಸ್ಪಷ್ಟವಾಗಿ ಸಾರಿತ್ತು. ಇಂದು ಸಂತ ಮರಿಯ ಚರ್ಚಿನೊಳಗೆ ಹೋದವರಿಗೆ ಅದು ಸುಂದರವಾಗಿಯೇ ತೋರುತ್ತದೆ, ನನಗೂ ತೋರುತ್ತದೆ. ಆದರೆ ಸುಮಾರು 200 ವರ್ಷ ಊರಿನವರು ಮದುವೆ, ಮರಣಗಳಲ್ಲಿ ತಲೆಯೆತ್ತಿ ನೋಡಿದ್ದ ಗುಮ್ಮಟ ಇನ್ನು ಛಾಯಾಚಿತ್ರಗಳಲ್ಲಿ ಮಾತ್ರ. ಆ ತೀರ್ಮಾನವನ್ನು ಹಿಂದೆಗೆದುಕೊಳ್ಳಲು ಬರುವುದಿಲ್ಲ.

ಬೊಯಿ ಊರಿನ ಸಂತ ಯೊವಾನ್ನರ ಚರ್ಚಿನಲ್ಲಿ ಇನ್ನೊಂದು ದಾರಿ ಹಿಡಿದರು. ಒಳಗೋಡೆಗಳಿಗೆ ಗಾರೆ ಬಳಿದು, ಬಾರ್ಸಿಲೋನಾಕ್ಕೆ ಹೋದ ಚಿತ್ರಗಳ ಪ್ರತಿಗಳನ್ನು ಅವುಗಳ ಮೂಲ ಜಾಗದಲ್ಲಿ ಬರೆಸಿದ್ದಾರೆ. ಕಲ್ಲು ಬಿಟ್ಟುಕೊಂಡ ಬರಿಗೋಡೆಯೇ ಮಧ್ಯಯುಗದ ಚರ್ಚಿನ ನಿಜರೂಪ ಎಂದು ಪ್ರವಾಸಿಗರು ತಿಳಿದುಕೊಂಡಿರುವುದು ತಪ್ಪು, ಅದು ಬಹುಮಟ್ಟಿಗೆ 20ನೆಯ ಶತಮಾನದ ಅಭಿರುಚಿ ಎಂಬುದನ್ನು ಈ ಚರ್ಚು ಮನದಟ್ಟು ಮಾಡಿಸುತ್ತದೆ. ಅಂದಿನವರಿಗೆ ಗಾರೆಯೂ ಬಣ್ಣವೂ ಇಲ್ಲದ ಗೋಡೆ ಅಪೂರ್ಣ ಗೋಡೆ. ಗಾರೆ ತೆಗೆದ ಗೋಡೆಗೆ ಮಳೆ, ಹಿಮಗಳಿಂದ ರಕ್ಷಣೆಯೂ ಕಡಿಮೆ. ಇಂಥ ಗೋಡೆಗಳ ಸಂದುಗಳನ್ನು ಸಿಮೆಂಟಿನಿಂದ ತುಂಬುವುದು ಇನ್ನೂ ಹೆಚ್ಚಿನ ಅಪಾಯ: ಸುಣ್ಣದ ಗಾರೆ ಒಳಗಿನ ತೇವವನ್ನು ಹೊರಹೋಗಲು ಬಿಡುತ್ತದೆ, ಸಿಮೆಂಟು ಬಿಡುವುದಿಲ್ಲ, ತಡೆಹಿಡಿದ ತೇವ ಕಲ್ಲಿನೊಳಗೇ ಹೆಪ್ಪುಗಟ್ಟಿ ಹಿಗ್ಗಿ ಕಲ್ಲನ್ನು ಒಡೆಯುತ್ತದೆ, ಅದರೊಂದಿಗೆ ಬಂದ ಲವಣಗಳು ಮೇಲ್ಮೈಯನ್ನು ಪುಡಿಗಟ್ಟಿಸುತ್ತವೆ. ಹಳ್ಳಿಯ ಚರ್ಚಿನ ಜೀರ್ಣೋದ್ಧಾರವೆಂದರೆ ನೂರಕ್ಕೆ ತೊಂಬತ್ತು ಪಾಲು ಸ್ಲೇಟು ಹಲಗೆ, ನೀರು ಹರಿಯುವ ಕಾಲುವೆ ಮತ್ತು ಸರಿಯಾದ ಸುಣ್ಣದ ಕೆಲಸವೆಂದು ನಾನು ಹೇಳುವುದು ಇದಕ್ಕಾಗಿ. ಚಿತ್ರದ ಮಾತು ಅದಾದ ಮೇಲೆ.

ಸಂತ ಕ್ಲಿಮೆಂಟ್ ಚರ್ಚಿನಲ್ಲೂ 20ನೆಯ ಶತಮಾನದ ನಡುಭಾಗದಿಂದ ಪೀಠಭಾಗದಲ್ಲಿ ಒಂದು ಪ್ರತಿಕೃತಿ ಇತ್ತು. ಹಲವು ಪೀಳಿಗೆಗಳ ಪ್ರವಾಸಿಗರು ಅದನ್ನೇ ನೋಡಿ, ಅದನ್ನೇ ಮೂಲವೆಂದು ತಿಳಿದು ಹೋದದ್ದೂ ಉಂಟು. 2013ರ ಯೋಜನೆಯಲ್ಲಿ ಅದನ್ನು ತೆಗೆದರು. ಗೋಡೆಯಲ್ಲಿ ಉಳಿದಿದ್ದ ಮೂಲ ಬಣ್ಣದ ಅವಶೇಷಗಳನ್ನು ಶುಚಿಗೊಳಿಸಿ ಗಟ್ಟಿಗೊಳಿಸಿದರು. ಬೈಬಲಿನ ಕಾಯಿನನು ತನ್ನ ತಮ್ಮ ಹೇಬೆಲನನ್ನು ಕೊಲ್ಲುವ ದೃಶ್ಯದ ತುಣುಕು ಇಂದಿಗೂ ತನ್ನ ಸ್ಥಳದಲ್ಲೇ ಕಾಣುತ್ತದೆ. ನಂತರ, ಸಂಗ್ರಹಾಲಯದಲ್ಲಿರುವ ಚಿತ್ರ ಮತ್ತು ಗೋಡೆಯ ಅವಶೇಷಗಳು ಎರಡನ್ನೂ ಅಧ್ಯಯನ ಮಾಡಿ, 1123ರ ಹೊತ್ತಿಗೆ ಇಡೀ ಪೀಠಭಾಗ ಹೇಗಿದ್ದಿರಬಹುದೆಂಬ ಮರುರಚನೆಯನ್ನು ಬೆಳಕಿನ ರೂಪದಲ್ಲಿ ಗೋಡೆಯ ವಕ್ರತೆಗೆ ಹೊಂದಿಸಿ ಮೂಡಿಸುವ ಏರ್ಪಾಡು ಮಾಡಿದರು. ನೀವು ನೋಡಿದ ಸುಮಾರು ಹತ್ತು ನಿಮಿಷಗಳ ಪ್ರದರ್ಶನ ಇದೇ.

ಬೆಳಕಿನ ಚಿತ್ರ ಮೂಲದ ಬದಲಿಗೆ ನಿಲ್ಲಲಾರದು ಎಂಬ ಆಕ್ಷೇಪ ನ್ಯಾಯವಾದುದೇ. ಸುಣ್ಣದೊಳಗೆ ಕುಳಿತ ಖನಿಜದ ಬಣ್ಣಕ್ಕಿರುವ ತೂಕ ಅದಕ್ಕಿಲ್ಲ. ಇಲ್ಲದ ಭಾಗಗಳನ್ನು ತುಂಬಿರುವಲ್ಲಿ ಊಹೆಯೂ ಸೇರಿದೆ. ಪ್ರದರ್ಶನದ ಸಂಗೀತ, ಚಲನೆಗಳು ಪೂಜೆಯ ಜಾಗವನ್ನು ರಂಗಸ್ಥಳ ಮಾಡುತ್ತವೆಂದು ಬೇಸರಪಡುವವರೂ ಇದ್ದಾರೆ. ಆದರೂ ನಾನು ಇದನ್ನು ಒಪ್ಪುವುದಕ್ಕೆ ಕಾರಣವಿದೆ. ದೀಪ ಆರಿಸಿದ ಕ್ಷಣದಲ್ಲಿ ಗೋಡೆ ಇದ್ದಂತೆ ಇರುತ್ತದೆ, ಅದಕ್ಕೆ ಏನೂ ಅಂಟಿಲ್ಲ, ಏನೂ ಕೆರೆದಿಲ್ಲ. ನೋಡುವವನಿಗೆ ಯಾವುದು ಹಳೆಯದು, ಯಾವುದು ಇಂದಿನದು ಎಂಬ ಗೊಂದಲಕ್ಕೆ ಅವಕಾಶವಿಲ್ಲ. ನಾಳೆ ಇನ್ನೂ ಉತ್ತಮವಾದ ಅಧ್ಯಯನ ಬಂದರೆ ಮರುರಚನೆಯನ್ನು ತಿದ್ದಬಹುದು, ಬೇಡವೆನಿಸಿದರೆ ನಿಲ್ಲಿಸಲೂಬಹುದು. ಹಳೆಯ ಪ್ರತಿಕೃತಿಗೂ ಸಂತ ಮರಿಯ ಚರ್ಚಿನಲ್ಲಿ ಕೆಡವಿದ ಗುಮ್ಮಟಕ್ಕೂ ಹೋಲಿಸಿದರೆ ಇದು ಎಷ್ಟು ಸಂಯಮದ ಹೆಜ್ಜೆ ಎಂಬುದು ತಿಳಿಯುತ್ತದೆ. ಪ್ರತಿಕೃತಿಯನ್ನೇ ಉಳಿಸಿಕೊಂಡಿದ್ದರೆ ಅದರಡಿಯ ಮೂಲ ಬಣ್ಣ ಇಂದಿಗೂ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

ಮತ್ತೊಮ್ಮೆ ಆ ಕಡೆ ಹೋಗುವ ಅವಕಾಶ ಒದಗಿದರೆ, ಮೊದಲು ಹಳ್ಳಿಗೆ ಹೋಗಿ, ಆಮೇಲೆ ಸಂಗ್ರಹಾಲಯಕ್ಕೆ ಹೋಗಿ ಎಂದು ನನ್ನ ಸಲಹೆ. ಪೀಠಭಾಗದ ಕಿಟಕಿಯಿಂದ ಬೆಳಗಿನ ಬೆಳಕು ಯಾವ ದಿಕ್ಕಿನಿಂದ ಬರುತ್ತದೆ, ಭಕ್ತರು ಎಷ್ಟು ದೂರದಲ್ಲಿ ನಿಲ್ಲುತ್ತಿದ್ದರು, ಕ್ರಿಸ್ತನ ದೃಷ್ಟಿ ಅವರ ಮೇಲೆ ಎಲ್ಲಿಂದ ಬೀಳುತ್ತಿತ್ತು ಎಂಬುದನ್ನು ಮನಸ್ಸಿನಲ್ಲಿ ಹಿಡಿದುಕೊಂಡು ಹೋದವರಿಗೆ ಸಂಗ್ರಹಾಲಯದ ಚಿತ್ರ ಬೇರೆಯಾಗಿಯೇ ಕಾಣುತ್ತದೆ. ತಾಉಲ್‌ನಿಂದ ಕೆಳಗಿಳಿಯುವಾಗ ಎರಿಲ್ ಊರಿನ ಸಂತ ಯುಲಾಲಿಯ ಚರ್ಚನ್ನೂ ತಪ್ಪಿಸಬೇಡಿ. ಕ್ರಿಸ್ತನನ್ನು ಶಿಲುಬೆಯಿಂದ ಇಳಿಸುವ ದೃಶ್ಯದ 12ನೆಯ ಶತಮಾನದ ಮರದ ವಿಗ್ರಹಗಳು 1907ರ ತಂಡಕ್ಕೆ ಸಿಕ್ಕಿದ್ದು ಅಲ್ಲಿ. ಈಗ ಅಲ್ಲಿರುವುದು ಪ್ರತಿಗಳು. ಮೂಲ ವಿಗ್ರಹಗಳಲ್ಲಿ ಕೆಲವು ಬಾರ್ಸಿಲೋನಾದಲ್ಲಿ, ಉಳಿದವು ವಿಕ್ ನಗರದ ಧರ್ಮಾಧ್ಯಕ್ಷರ ಸಂಗ್ರಹಾಲಯದಲ್ಲಿ ಇವೆ. ಒಂದೇ ದೃಶ್ಯದ ವಿಗ್ರಹಗಳನ್ನು ಎರಡು ಊರುಗಳಿಗೆ ಹಂಚಿರುವುದಕ್ಕೆ ಸುಣ್ಣ, ತೇವಗಳ ಯಾವ ಕಾರಣವೂ ಇಲ್ಲ. ಎರಡು ಸಂಸ್ಥೆಗಳು ಮನಸ್ಸು ಮಾಡಿದರೆ ಅವುಗಳನ್ನು ಒಂದೆಡೆ ಸೇರಿಸಬಹುದು, ಸೇರಿಸಲೇಬೇಕು ಎಂಬುದು ನನ್ನ ಖಚಿತವಾದ ಅಭಿಪ್ರಾಯ.